ಇಳಕಲ್ ಸೀರೆಯ ಲೆಕ್ಕಕ್ಕೊಂದು ಲೋ-ಕೋಡ್ ಆ್ಯಪ್
ಪ್ರೋಗ್ರಾಂ ಬರೆಯುವ ಕೆಲಸವನ್ನು ಆದಷ್ಟು ಕಡಿಮೆ ಮಾಡಿ, ಸಿದ್ಧ ನಮೂನೆಗಳನ್ನು ಜೋಡಿಸಿ ವ್ಯವಹಾರದ ಆ್ಯಪ್ ಕಟ್ಟಲು ನೆರವಾಗುವ ಜೋಹೋ ಕ್ರಿಯೇಟರ್, 2020ರಲ್ಲಿ ಗೂಗಲ್ ಕೊಂಡುಕೊಂಡ ಆ್ಯಪ್‌ಶೀಟ್ ಮೊದಲಾದ ಲೋ-ಕೋಡ್ ವೇದಿಕೆಗಳು, ನೇಕಾರರಿಗೆ ನೂಲು ಕೊಟ್ಟು ಸೀರೆ ಪಡೆಯುವ ಇಳಕಲ್ಲಿನ ವ್ಯಾಪಾರಕ್ಕೂ ಚೆನ್ನಾಗಿ ಹೊಂದುತ್ತವೆ. ಪರದೆಯ ಅಂದಕ್ಕಿಂತ ಮೊದಲು ದತ್ತಾಂಶದ, ಅಂದರೆ ದಾಖಲಾಗುವ ಮಾಹಿತಿಯ, ಅಡಿಪಾಯ ಗಟ್ಟಿಯಾಗಬೇಕು: ನೇಕಾರರು, ಕೊಟ್ಟ ನೂಲು, ಬಂದ ಸೀರೆ, ಸಂದಾಯವಾದ ಮಜೂರಿ ಇವುಗಳಿಗೆ ಪ್ರತ್ಯೇಕ ಕೋಷ್ಟಕಗಳಿದ್ದು, ಪ್ರತಿ ನೇಕಾರರಿಗೂ ನೀಡಿದ ಒಂದು ಸಂಖ್ಯೆ ಅವನ್ನೆಲ್ಲ ಬೆಸೆಯಬೇಕು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯುವ ಈ ಸೀರೆಯಲ್ಲಿ ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾಗಿರುವುದುಂಟಾದ್ದರಿಂದ, ಎರಡೂ ನೂಲಿನ ತೂಕವನ್ನು ಬೇರೆಬೇರೆಯಾಗಿಯೇ ದಾಖಲಿಸಬೇಕು. ಗೋಮಿ, ಚಿಕ್ಕಿ ಪರಾಸ್ ಮುಂತಾದ ದಡಿಗಳ ಹೆಸರನ್ನು ಪ್ರತಿಸಲ ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿದರೆ, ಒಂದೇ ದಡಿ ಹಲವು ಕಾಗುಣಿತಗಳಲ್ಲಿ ಚದುರಿ ದಾಸ್ತಾನಿನ ಲೆಕ್ಕ ತಪ್ಪುವುದಿಲ್ಲ. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಓಡಾಡಿ ಸೀರೆ ಸಂಗ್ರಹಿಸುವವರ ಫೋನಿಗೆ ನೆಟ್‌ವರ್ಕ್ ಸಿಗದಿದ್ದರೂ ದಾಖಲೆ ಉಳಿಯುವಂತಿರಬೇಕು, ಮಜೂರಿಯ ದರ ತಿದ್ದುವ ಅಧಿಕಾರ ಮಾಲೀಕರಿಗಷ್ಟೇ ಸೀಮಿತವಾಗಿರಬೇಕು, ಮಾಹಿತಿಯ ಪ್ರತಿಯನ್ನು ಆಗಾಗ ಹೊರತೆಗೆದು ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮಗೆ ಬರಬೇಕಾದ ಬಾಕಿಯನ್ನು ನೇಕಾರರು ತಮ್ಮ ಫೋನಿನಲ್ಲೇ ಕನ್ನಡದಲ್ಲಿ ನೋಡುವಂತಾದಾಗ ಮಾತ್ರ ಅಂಥ ಆ್ಯಪ್ ನೇಕಾರರಿಗೂ ಮಾಲೀಕರಿಗೂ ನ್ಯಾಯ ಒದಗಿಸುತ್ತದೆ.