ಗಲ್ಫಿನ ಕಾರು ಗಲ್ಫಿನಲ್ಲೇ ಇರಲಿ

ಹದಿನೈದು ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು, ಫೈನಲ್ ಎಕ್ಸಿಟ್ ಹಾಕಿ ಊರಿಗೆ ಹೊರಡುವ ನಮ್ಮವರ ಮುಂದೆ ಹತ್ತಾರು ಲೆಕ್ಕಗಳಿರುತ್ತವೆ. ಸರ್ವಿಸ್ ಹಣ ಎಷ್ಟು ಬರುತ್ತದೆ, ಮಕ್ಕಳ ಟಿಸಿ ಯಾವಾಗ ಸಿಗುತ್ತದೆ, ಕಾರ್ಗೋದಲ್ಲಿ ಎಷ್ಟು ಕಿಲೋ ಹಾಕುವುದು. ಈ ಲೆಕ್ಕಗಳ ನಡುವೆ ಇನ್ನೊಂದು ಪ್ರಶ್ನೆಯೂ ತಲೆ ಎತ್ತುತ್ತದೆ: ಕಾರನ್ನು ಎಂತ ಮಾಡುವುದು?

ಅಲ್ಲಿ ಮಾರಲು ಹೋದರೆ ಕೇಳುವವರು ಅರ್ಧ ಬೆಲೆಗೆ ಕೇಳುತ್ತಾರೆ. ಅದೇ ಕಾರು ಮಂಗಳೂರಿನ ಶೋರೂಮಿನಲ್ಲಿ ಎಷ್ಟು ಅಂತ ನೋಡಿದರೆ ಕಣ್ಣು ತಿರುಗುತ್ತದೆ. "ಹಾಗಾದ್ರೆ ಊರಿಗೇ ತಗೊಂಡು ಹೋದ್ರೆ ಹೇಗೆ?" ಎಂಬ ಆಸೆ ಅಲ್ಲಿ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಈ ಆಸೆಯ ಬಾಗಿಲಲ್ಲೇ "ಎಲ್ಲ ನಾವು ಮಾಡಿ ಕೊಡ್ತೇವೆ, ನೀವು ಅಡ್ವಾನ್ಸ್ ಮಾತ್ರ ಕೊಡಿ" ಎನ್ನುವ ಏಜೆಂಟರೂ ಕಾದು ಕುಳಿತಿರುತ್ತಾರೆ. ಅಡ್ವಾನ್ಸ್ ಕೈ ಬಿಡುವ ಮೊದಲು ಕಾನೂನು ಎಂತ ಹೇಳುತ್ತದೆ ಎಂದು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ವರ್ಷಗಟ್ಟಲೆ ಹೊರಗಿದ್ದು ವಾಪಸಾಗುವವರಿಗೆ ಮನೆ ಸಾಮಾನು ತರಲು ಕಸ್ಟಮ್ಸ್‌ನಲ್ಲಿ ಸ್ವಲ್ಪ ರಿಯಾಯಿತಿ ಉಂಟು. ಫ್ರಿಡ್ಜ್, ವಾಷಿಂಗ್ ಮೆಷಿನ್‌ಗೆ ಸಿಗುವ ಹಾಗೆ ಕಾರಿಗೂ ಸಿಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಸಿಗುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆ 'ಬ್ಯಾಗೇಜ್' ಎಂಬ ಪದಕ್ಕೆ ಅರ್ಥ ಕೊಡುವಾಗಲೇ ಮೋಟಾರು ವಾಹನವನ್ನು ಹೊರಗಿಟ್ಟಿದೆ. ನಾವು ಎಷ್ಟು ವರ್ಷ ಬಳಸಿದ ಸ್ವಂತ ಕಾರೇ ಆಗಿರಲಿ, ಕಾನೂನಿನ ಕಣ್ಣಿಗೆ ಅದು ಆಮದು ಮಾಲು.

ಬಳಸಿದ ಕಾರಿನ ಆಮದಿಗೆ ನಮ್ಮ ದೇಶ ಇಟ್ಟಿರುವ ಮುಖ್ಯ ಷರತ್ತುಗಳು ಇವು. ಸ್ಟೇರಿಂಗ್ ಬಲಗಡೆ ಇರಬೇಕು. ಕಾರು ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು. ಹೆಡ್‌ಲೈಟ್ ಎಡಬದಿಯಲ್ಲಿ ಓಡುವ ಸಂಚಾರಕ್ಕೆ ತಕ್ಕಂತೆ ಬೆಳಕು ಬೀರಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ ಹಡಗು ಹತ್ತುವ ಮೊದಲೇ ಬೇಕು. ಕಾರು ಬಂದು ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲಿ. ನಮ್ಮ ಮನೆ ಬಾಗಿಲಲ್ಲೇ ಇರುವ ಪಣಂಬೂರಿನಲ್ಲಿ ಅಲ್ಲ. ಬಂದ ಮೇಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಪಾಸಾಗಬೇಕು.

ಈ ಪಟ್ಟಿಯ ಮೊದಲ ಸಾಲಿನಲ್ಲೇ ನಮ್ಮವರ ಕತೆ ಮುಗಿಯುತ್ತದೆ. ಸೌದಿ, ಯುಎಇ, ಒಮಾನ್, ಕತಾರ್, ಕುವೈತ್, ಬಹರೈನ್ ಎಲ್ಲ ಕಡೆ ವಾಹನಗಳು ಓಡುವುದು ರಸ್ತೆಯ ಬಲಬದಿಯಲ್ಲಿ, ಕಾರಿನ ಸ್ಟೇರಿಂಗ್ ಇರುವುದು ಎಡಗಡೆ. ಇಸ್ತಿಮಾರಾ ಎಷ್ಟೇ ಸರಿಯಿರಲಿ, ಫಹಸ್‌ನಲ್ಲಿ ಪಾಸಾಗಿರಲಿ, ಒಂದು ಗೀರೂ ಬೀಳದ ಕಾರಾಗಿರಲಿ, ಮುಂಬೈಯಲ್ಲಿ ನೋಡುವುದು ಸ್ಟೇರಿಂಗ್ ಯಾವ ಕಡೆ ಉಂಟು ಎಂದು.

"ಸ್ಟೇರಿಂಗ್ ಬಲಗಡೆಗೆ ಬದಲಿಸಿ ಕೊಡುವವರು ಇದ್ದಾರೆ" ಎನ್ನುವ ಮಾತೂ ಕೇಳಿ ಬರುತ್ತದೆ. ಇದಕ್ಕೆ ಕಿವಿ ಕೊಡಬೇಡಿ. ತಯಾರಕ ಕಂಪೆನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಕಾನೂನನ್ನು ಬದಿಗಿಟ್ಟರೂ, ಸ್ಟೇರಿಂಗ್, ಬ್ರೇಕ್, ಏರ್‌ಬ್ಯಾಗ್ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಿದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಘಾಟಿ ಹತ್ತಲು ಯಾರಿಗೆ ಧೈರ್ಯ ಬಂದೀತು?

ಕೆಲವರು ಇದನ್ನು ಸರಕಾರದ ಹಠ ಎನ್ನುತ್ತಾರೆ. ಸ್ಟೇರಿಂಗಿನ ವಿಷಯದಲ್ಲಿ ನಾವು ಹಾಗೆ ಹೇಳಲಾರೆವು. ಪುತ್ತೂರಿನಿಂದ ಸುಳ್ಯದ ಕಡೆಗೆ ಲಾರಿಯ ಹಿಂದೆ ಹೋಗುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಬಲಗಡೆ ಕುಳಿತ ಚಾಲಕ ಸ್ವಲ್ಪ ತಲೆ ಹೊರಳಿಸಿದರೆ ಎದುರಿನ ಬಸ್ಸು ಕಾಣುತ್ತದೆ. ಎಡಗಡೆ ಕುಳಿತವನಿಗೆ ಕಾಣುವುದು ಲಾರಿಯ ಹಿಂಬದಿ ಮಾತ್ರ. ಎದುರಿನಿಂದ ಎಂತ ಬರುತ್ತದೆ ಎಂದು ನೋಡಬೇಕಾದರೆ ಇಡೀ ಕಾರನ್ನೇ ರಸ್ತೆಯ ಮಧ್ಯಕ್ಕೆ ತರಬೇಕು. ಹೆಡ್‌ಲೈಟ್ ಕತೆಯೂ ಹಾಗೆಯೇ. ಗಲ್ಫಿನ ಕಾರಿನ ಡಿಮ್ ಲೈಟ್ ಅಲ್ಲಿನ ರಸ್ತೆಯ ಅಂಚು ಕಾಣಲಿ ಎಂದು ಬಲಕ್ಕೆ ಹೆಚ್ಚು ಬೆಳಕು ಚೆಲ್ಲುತ್ತದೆ. ನಮ್ಮ ರಸ್ತೆಯಲ್ಲಿ ಆ ಬಲಬದಿಯಲ್ಲಿರುವುದು ಎದುರಿನಿಂದ ಬರುವ ಬೈಕಿನವನ ಕಣ್ಣು. ಮಳೆಗಾಲದ ರಾತ್ರಿಯಲ್ಲಿ ಅದರ ಪರಿಣಾಮ ಎಂತ ಎಂದು ಕರಾವಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನಿಯಮ ನಮ್ಮ ದೇಶದಲ್ಲಿ ಮಾತ್ರ ಇರುವುದೂ ಅಲ್ಲ. ದುಬೈಯ ಕೆಲಸ ಬಿಟ್ಟು ದಮ್ಮಾಮಿಗೆ ಹೋಗುವವರು ತಮ್ಮ ಹಳೆಯ ಕಾರನ್ನು ಒಯ್ಯಲು ನೋಡಿದರೆ, ಐದು ವರ್ಷ ಮೀರಿದ ಕಾರಿನ ಆಮದಿಗೆ ಸೌದಿಯೂ ಬಾಗಿಲು ಮುಚ್ಚುತ್ತದೆ. ತನ್ನ ರಸ್ತೆಗೆ ಎಂಥ ಗಾಡಿ ಬರಬೇಕು ಎಂದು ಪ್ರತಿ ದೇಶವೂ ತೀರ್ಮಾನಿಸುತ್ತದೆ.

ಇನ್ನು ಹಣದ ಮಾತು. ಬಲಗಡೆ ಸ್ಟೇರಿಂಗ್ ಇರುವ ದೇಶದಿಂದ, ಮೂರು ವರ್ಷದೊಳಗಿನ ಕಾರನ್ನೇ ತಂದರೂ ಲೆಕ್ಕ ಹೊಂದುವುದಿಲ್ಲ. ಬಳಸಿದ ಕಾರಿಗೆ ಮೂಲ ಸೀಮಾ ಸುಂಕ ಬಹುಕಾಲ ನೂರಕ್ಕೆ 125 ಇತ್ತು. ಸರ್‌ಚಾರ್ಜ್ ಸೇರಿದರೆ 137.5. 2025ರ ಬಜೆಟಿನಲ್ಲಿ ಮೂಲ ಸುಂಕವನ್ನು 70ಕ್ಕೆ ಇಳಿಸಿದಾಗ "ಇನ್ನು ಕಾರು ತರಬಹುದು" ಎಂದು ವಾಟ್ಸ್ಆ್ಯಪ್‌ನಲ್ಲಿ ಸಂದೇಶಗಳು ಓಡಾಡಿದವು. ಇಳಿಸಿದ್ದು ನಿಜ. ಆದರೆ ಅದೇ ಬಜೆಟ್ 67.5ರಷ್ಟು ಕೃಷಿ ಮೂಲಸೌಕರ್ಯ ಸೆಸ್ ಹಾಕಿತು. ಎರಡನ್ನೂ ಕೂಡಿಸಿ ನೋಡಿ, ಮೊತ್ತ ಮತ್ತೆ 137.5. ಅಂದರೆ ಹತ್ತು ಲಕ್ಷ ರೂಪಾಯಿ ಬೆಲೆ ಕಟ್ಟಿದ ಕಾರಿಗೆ ಹದಿಮೂರು ಲಕ್ಷದ ಎಪ್ಪತ್ತೈದು ಸಾವಿರ ಸುಂಕ. ಇಷ್ಟೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ, ಆಮೇಲೆ ಆರ್‌ಟಿಒದಲ್ಲಿ ಜೀವಾವಧಿ ತೆರಿಗೆ. ಅಲ್ಲಿನ ಡೀಲರ್ ಹೇಳಿದ ಅರ್ಧ ಬೆಲೆಯ ಮೇಲೆ ಸುಂಕ ಹಾಕುತ್ತಾರೆ ಎಂದುಕೊಳ್ಳುವುದೂ ಬೇಡ. ಹೊಸ ಕಾರಿನ ಬೆಲೆಯಿಂದ ಸವೆತ ಕಳೆದು, ಹಡಗಿನ ಬಾಡಿಗೆ ಮತ್ತು ವಿಮೆ ಕೂಡಿಸಿ ಕಸ್ಟಮ್ಸ್‌ನವರೇ ಬೆಲೆ ಕಟ್ಟುತ್ತಾರೆ.

"ಹಾಗಾದ್ರೆ ಗಲ್ಫ್ ನಂಬರಿನ ಕಾರುಗಳು ಕೇರಳದಲ್ಲಿ ಓಡ್ತಾ ಇರ್ತಾವಲ್ಲ, ಅದು ಹೇಗೆ?" ಎಂದು ಕೇಳುವವರಿದ್ದಾರೆ. ಅದು ಕಾರ್ನೆಟ್ ಎಂಬ ದಾಖಲೆಯ ದಾರಿ. ಹೊರದೇಶದಲ್ಲಿ ವಾಸವಿರುವವರು ಪ್ರವಾಸಕ್ಕೆಂದು ಕಾರು ತಂದು ತಿರುಗಿ ಒಯ್ಯುತ್ತೇನೆ ಎಂದು ಅಲ್ಲಿನ ಆಟೊಮೊಬೈಲ್ ಕ್ಲಬ್ಬಿನ ಮೂಲಕ ಖಾತರಿ ಕೊಡುತ್ತಾರೆ. ಕ್ಲಬ್ಬಿಗೆ ಠೇವಣಿ ಕಟ್ಟಬೇಕು. ಸಾಮಾನ್ಯವಾಗಿ ಆರು ತಿಂಗಳೊಳಗೆ ಕಾರು ದೇಶ ಬಿಡಬೇಕು. ಇಲ್ಲಿ ಮಾರುವಂತಿಲ್ಲ. ವಾಪಸ್ ಹೋಗದಿದ್ದರೆ ಮೇಲೆ ಹೇಳಿದ ಸುಂಕವೆಲ್ಲ ತಲೆ ಮೇಲೆ ಬರುತ್ತದೆ. ಇದು ಊರು ನೋಡಲು ಬರುವವರ ದಾರಿ. ಊರಲ್ಲೇ ನೆಲೆಸಲು ಬರುವವರ ದಾರಿ ಅಲ್ಲ.

ಕಾರು ತರುವವರಷ್ಟೇ ಅಲ್ಲ, ಇಲ್ಲಿದ್ದು ಕೊಳ್ಳುವವರೂ ಎಚ್ಚರ ವಹಿಸಬೇಕಾದ ವಿಷಯ ಇನ್ನೊಂದುಂಟು. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ 'ಆಪರೇಷನ್ ನುಮ್‌ಖೋರ್' ಎಂಬ ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿತು. ನುಮ್‌ಖೋರ್ ಎಂದರೆ ಭೂತಾನಿನ ಭಾಷೆಯಲ್ಲಿ ವಾಹನ. ಭೂತಾನಿನಿಂದ ಸುಂಕ ಕಟ್ಟದೆ ಗಡಿ ದಾಟಿಸಿ, ಸುಳ್ಳು ದಾಖಲೆಗಳಿಂದ ಇಲ್ಲಿ ನೋಂದಣಿ ಮಾಡಿಸಿದ ಕಾರುಗಳು ಎಂಬುದು ಇಲಾಖೆಯ ಆರೋಪ. ಭೂತಾನಿನಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ, ಸ್ಟೇರಿಂಗ್ ಬಲಗಡೆ. ನೋಡುವವರಿಗೆ ಎಂತ ಸಂಶಯವೂ ಬರುವುದಿಲ್ಲ. ಆದರೆ ಕಸ್ಟಮ್ಸ್ ಕಾಯ್ದೆ ಹಿಡಿಯುವುದು ಮಾಲನ್ನು. ಗಡಿ ದಾಟಿಸಿದವನು ಎಲ್ಲಿಯೋ ಇರುತ್ತಾನೆ. ಮೂರು ಕೈ ದಾಟಿ ಬಂದ ಕಾರು ಕೊನೆಗೆ ಯಾರ ಅಂಗಳದಲ್ಲಿ ನಿಂತಿದೆಯೋ ಅಲ್ಲಿಂದ ಎಳೆದೊಯ್ಯುತ್ತಾರೆ.

ತಲಪಾಡಿ ದಾಟಿದರೆ ಕೇರಳ. ನಮ್ಮವರು ಕಾಸರಗೋಡು, ಕಣ್ಣೂರು, ಕೋಝಿಕ್ಕೋಡಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುವುದು ಹೊಸತೇನಲ್ಲ. ಅದರಲ್ಲಿ ತಪ್ಪೂ ಇಲ್ಲ. ಆದರೆ ಮಾರುಕಟ್ಟೆಗಿಂತ ತೀರಾ ಕಡಿಮೆ ಬೆಲೆಗೆ ದೊಡ್ಡ ಗಾಡಿ ಸಿಗುತ್ತದೆ ಎಂದಾದರೆ, ಮೊದಲ ನೋಂದಣಿ ದೂರದ ಯಾವುದೋ ರಾಜ್ಯದ್ದಾದರೆ, ಅಲ್ಲಿಗೇ ನಿಲ್ಲಿ. ಹೊರದೇಶದಿಂದ ಬಂದ ಕಾರಿಗೆ 'ಬಿಲ್ ಆಫ್ ಎಂಟ್ರಿ' ಎಂಬ ಕಸ್ಟಮ್ಸ್ ಕಾಗದ ಇರಲೇಬೇಕು. ಅದನ್ನು ಕೇಳಿ. ಅದರಲ್ಲಿರುವ ಚಾಸಿಸ್ ನಂಬರನ್ನೂ ಗಾಡಿಯ ಮೇಲೆ ಕೊರೆದಿರುವ ನಂಬರನ್ನೂ ಆರ್‌ಸಿಯನ್ನೂ ಒಟ್ಟಿಗೆ ಇಟ್ಟು ನೋಡಿ. "ಕಾಗದ ಆಮೇಲೆ ಕೊಡ್ತೇನೆ" ಎಂದರೆ ಸಲಾಂ ಹೇಳಿ ಎದ್ದು ಬನ್ನಿ. ಮಗಳ ಮದುವೆಗೆ ಇಟ್ಟ ಹಣವನ್ನು ಕಸ್ಟಮ್ಸ್ ಗೋದಾಮಿನಲ್ಲಿ ತುಕ್ಕು ಹಿಡಿಯಲು ಬಿಡುವಷ್ಟು ಶ್ರೀಮಂತಿಕೆ ನಮ್ಮಲ್ಲಿ ಯಾರಿಗೂ ಇಲ್ಲ.

ಸರಕಾರಕ್ಕೂ ಹೇಳಬೇಕಾದ ಮಾತುಂಟು. ಸುರಕ್ಷತೆಯ ಷರತ್ತುಗಳನ್ನು ನಾವು ಒಪ್ಪುತ್ತೇವೆ. ಆದರೆ ಬಳಸಿದ ಕಾರು ಮುಂಬೈಯಲ್ಲೇ ಇಳಿಯಬೇಕು ಎಂಬುದರಿಂದ ಯಾರ ಸುರಕ್ಷತೆ ಹೆಚ್ಚಿತು? ಬಂದರು ಇರುವ ಊರಿನವರು ಇದನ್ನು ಕೇಳುವುದು ನ್ಯಾಯವೇ. ಅದಕ್ಕಿಂತ ದೊಡ್ಡ ಕೊರತೆ ಮಾಹಿತಿಯದ್ದು. ಈ ಷರತ್ತುಗಳೆಲ್ಲ ವಿದೇಶ ವ್ಯಾಪಾರ ನಿರ್ದೇಶನಾಲಯದ ಇಂಗ್ಲಿಷ್ ಅಧಿಸೂಚನೆಗಳಲ್ಲಿ ಅಡಗಿವೆ. ಕೆಲಸದ ಶೆಡ್ಡಿನಲ್ಲಿ, ಅಂಗಡಿಯ ಕೌಂಟರಿನಲ್ಲಿ ಆಯುಷ್ಯ ಕಳೆದವರು ಅದನ್ನು ಹುಡುಕಿ ಓದುವುದಾದರೂ ಹೇಗೆ? ರಾಜ್ಯ ಸರಕಾರ ಅನಿವಾಸಿ ಕನ್ನಡಿಗರಿಗಾಗಿಯೇ ಸಮಿತಿ ಮಾಡಿದೆ. ಗಲ್ಫಿನಿಂದ ಮರಳುವವರಿಗೆ ಎರಡು ಪುಟದ ಕನ್ನಡ ಕೈಪಿಡಿ ಮಾಡಿ ಹಂಚಲು ದೊಡ್ಡ ಬಜೆಟ್ ಬೇಕಾಗಿಲ್ಲ. ಅದು ಬರುವ ತನಕ ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳು ಈ ಕೆಲಸ ಮಾಡಬಹುದು. ಸನ್ಮಾನ, ಮೊಮೆಂಟೊಗಳ ನಡುವೆ ವರ್ಷಕ್ಕೊಂದು ಸಂಜೆ ಊರಿಗೆ ಹೊರಟವರಿಗಾಗಿ ಮಾಹಿತಿ ಕಾರ್ಯಕ್ರಮ ಇಟ್ಟರೆ ಎಷ್ಟೋ ಮನೆಗಳ ಹಣ ಉಳಿದೀತು.

ಅಲ್ಲಿರುವವರಿಗೆ ನಾವು ಹೇಳುವುದು ಇಷ್ಟು. ಕಾರನ್ನು ಎಕ್ಸಿಟ್‌ನ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಅರ್ಧ ಬೆಲೆಗೆ ಕೇಳುವವರು ಕಾಯುವುದೇ ಆ ವಾರಕ್ಕಾಗಿ. ಮೂರು ನಾಲ್ಕು ತಿಂಗಳ ಮೊದಲೇ ಮಾರಲು ಇಡಿ. ಬ್ಯಾಂಕಿನ ಸಾಲ ಬಾಕಿಯಿದ್ದರೆ ತೀರಿಸಿ, ಟ್ರಾಫಿಕ್ ದಂಡ ಕಟ್ಟಿ, ಮುಲ್ಕಿಯಾ ಕೊಂಡವರ ಹೆಸರಿಗೆ ಆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೀ ಕೊಡಿ. ಗೆಳೆಯನಿಗೆ ಬಾಯಿಮಾತಿನಲ್ಲಿ ಬಿಟ್ಟು ಬಂದ ಕಾರು ನಾಳೆ ಅಪಘಾತ ಮಾಡಿದರೆ ಪೊಲೀಸರು ಹುಡುಕುವುದು ನಿಮ್ಮ ಹೆಸರನ್ನು.

ಮಾರಿದ ಹಣ ಬ್ಯಾಂಕಿನ ಮೂಲಕ ಊರಿಗೆ ಬರಲಿ. ಆ ಹಣಕ್ಕೆ ಇಲ್ಲಿ ಸಿಗುವುದು ಚಿಕ್ಕ ಕಾರೇ ಆಗಬಹುದು. ಅದರ ಸ್ಟೇರಿಂಗ್ ಬಲಗಡೆ ಇರುತ್ತದೆ, ಸರ್ವಿಸ್ ಊರಲ್ಲೇ ಸಿಗುತ್ತದೆ, ಪಡುಬಿದ್ರೆಯಲ್ಲೋ ಬಿ.ಸಿ. ರೋಡಿನಲ್ಲೋ ಪೊಲೀಸರು ಕೈ ಅಡ್ಡ ಹಿಡಿದರೆ ಎದೆ ಹೊಡೆದುಕೊಳ್ಳುವುದಿಲ್ಲ. ಉಮ್ಮನನ್ನು ಆಸ್ಪತ್ರೆಗೆ ಕರಕೊಂಡು ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಬೇಕಾದದ್ದು ಅಂಥ ಕಾರೇ.