ಹುಣ್ಣಿಮೆಯ ನೆಪ

ಮನುಷ್ಯ ತೋಳವಾಗುವ ಸಿನಿಮಾ ಎಂದರೆ ನಮ್ಮ ವಿಮರ್ಶಕರು ಮೂಗು ಮುರಿಯುತ್ತಾರೆ. ಆದರೆ ಹೆದರಿಸುವ ಕಥೆಯ ವೇಷದಲ್ಲಿ ಅದು ಹೇಳಿಕೊಡುವ ಪ್ರೀತಿಯ ಪಾಠವನ್ನು ಹಗುರವಾಗಿ ಕಾಣುವಂತಿಲ್ಲ.

‘ಟ್ವಿಲೈಟ್’ ಸರಣಿಯ ಎರಡನೆಯ ಚಿತ್ರ, 2009ರ ‘ನ್ಯೂ ಮೂನ್’ ನೋಡಿ. ಎಮಿಲಿ ಎಂಬ ಹೆಣ್ಣಿನ ಮುಖದ ಒಂದು ಬದಿ ಸೀಳಿಹೋಗಿದೆ. ಪ್ರಿಯಕರ ಸ್ಯಾಮ್ ಒಂದು ಕ್ಷಣ ಸಿಟ್ಟು ತಡೆಯಲಾರದೆ ತೋಳವಾದಾಗ ಆದ ಗಾಯ ಅದು. ಈಗ ಅವಳು ಅವನಿಗೂ ಅವನ ಬಳಗಕ್ಕೂ ತಿಂಡಿ ಮಾಡಿ ಬಡಿಸುತ್ತಾಳೆ, ಅವನು ಅವಳನ್ನು ಮುದ್ದಿಸುತ್ತಾನೆ. ಹಳೆಯ ಕಥೆಗಳ ತೋಳಕ್ಕೆ ಹುಣ್ಣಿಮೆಯಾದರೂ ಬೇಕಿತ್ತು. ಈ ಹೊಸ ತೋಳಗಳಿಗೆ ಸಿಟ್ಟು ಬಂದರೆ ಸಾಕು!

ಸಿನಿಮಾ ನೋಡಿ ಯಾರಾದರೂ ಹೊಡೆಯಲು ಕಲಿಯುತ್ತಾರೆಯೇ ಎಂದು ಕೇಳುವವರಿದ್ದಾರೆ. ಇಲ್ಲ, ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇಂಥ ಚಿತ್ರಗಳು ಕಲಿಸುವುದು ಹೊಡೆಸಿಕೊಂಡವಳು ಅದನ್ನೇ ಪ್ರೀತಿ ಎಂದುಕೊಳ್ಳುವುದನ್ನು.

ಇದಕ್ಕೆ ಕನ್ನಡದ್ದೇ ಉತ್ತರವಿದೆ. ಗಿರೀಶ ಕಾರ್ನಾಡರು ಜಾನಪದ ಕಥೆಗಳಿಂದ ಕಟ್ಟಿದ ‘ನಾಗಮಂಡಲ’ವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ತೆರೆಗೆ ತಂದರು. ಅಲ್ಲಿ ಮೃಗವಾಗಲು ಅಪ್ಪಣ್ಣ ರೂಪ ಬದಲಿಸುವುದೇ ಇಲ್ಲ. ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ, ಬೀಗ ಜಡಿದು, ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ರಾತ್ರಿ ಅವನದೇ ರೂಪ ಹೊತ್ತು ಬಂದು ಅವಳನ್ನು ಪ್ರೀತಿಯಿಂದ ಮಾತಾಡಿಸುವುದು ಒಂದು ಹಾವು. ಅವಳು ಬಸಿರಾದಾಗ ಪಂಚಾಯಿತಿ ಸೇರುತ್ತದೆ. ಹಾವು ಹಿಡಿದು ಸತ್ಯ ಮಾಡಬೇಕಾದವಳು ರಾಣಿ. ಬೀಗ ಜಡಿದವನಿಗೆ ಯಾವ ಪರೀಕ್ಷೆಯೂ ಇಲ್ಲ.

ಆ ಪಂಚಾಯಿತಿ ಹಳ್ಳಿಯಲ್ಲೇ ಉಳಿಯಿತೆ? ನಮ್ಮ ಕೆಂಪಾಪುರದ ಪಿ.ಜಿ.ಗಳಲ್ಲಿದ್ದುಕೊಂಡು ಕಂಪನಿಗಳಿಗೆ ಹೋಗಿ ದುಡಿಯುವ ಹೆಣ್ಣುಮಕ್ಕಳನ್ನೇ ಕೇಳಿ. ‘ಅವನು ಒಳ್ಳೆಯವನೇ, ಸಿಟ್ಟು ಬಂದಾಗ ಮಾತ್ರ ಮನುಷ್ಯನಾಗಿರುವುದಿಲ್ಲ’ ಎಂಬ ಮಾತು ಅಲ್ಲೂ ಸಿಗುತ್ತದೆ. ಊರಿಗೆ ಫೋನ್ ಮಾಡಿದರೆ ಒಂದು ಮನೆಯಲ್ಲಿ ‘ಹೊಂದಿಕೊಂಡು ಹೋಗು’, ನಮ್ಮ ಮನೆಗಳಲ್ಲಿ ‘ಸಬರ್ ಮಾಡು’. ಸಬರ್ ಎಂಬ ದೊಡ್ಡ ಮಾತನ್ನು ನಾವು ಎಷ್ಟು ಸಣ್ಣದು ಮಾಡಿಬಿಟ್ಟೆವು! ಇದೇ ಗಂಡಸು ಮ್ಯಾನೇಜರ್ ಬೈದಾಗ ತೋಳವಾಗುವುದಿಲ್ಲ, ಬಾಲ ಮುದುರಿಕೊಂಡು ಕೂರುತ್ತಾನೆ. ಸಿಟ್ಟನ್ನು ಎಲ್ಲಿ ಬಿಡಬೇಕು, ಎಲ್ಲಿ ನುಂಗಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹೊಡೆತವಷ್ಟೇ ಅಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು ಎಲ್ಲವನ್ನೂ ಅದು ಹಿಂಸೆ ಎನ್ನುತ್ತದೆ. ಮದುವೆಯಾಗದೆ ಗಂಡ ಹೆಂಡತಿಯಂತೆ ಒಂದೇ ಮನೆಯಲ್ಲಿ ಬಾಳುವವಳಿಗೂ ಅದರ ರಕ್ಷಣೆಯಿದೆ. ಕಾನೂನು ಇಷ್ಟು ದೂರ ಬಂದರೂ ನಮ್ಮ ಪ್ರೇಮಕಥೆಗಳು ಎಮಿಲಿಯ ಅಡುಗೆಮನೆ ದಾಟಿಲ್ಲ.

ಪ್ರೀತಿ ಮೃಗವನ್ನೂ ಮನುಷ್ಯನಾಗಿಸುತ್ತದೆ ಎನ್ನುವ ಕಥೆಗಾರರೇ, ಆ ಪ್ರಯೋಗಕ್ಕೆ ಪ್ರತಿಸಲವೂ ಹೆಣ್ಣಿನ ಮುಖವೇ ಏಕೆ ಬೇಕು? ಅಪ್ಪ ಅಮ್ಮಂದಿರೇ, ಗಾಯ ಹೊತ್ತು ಬಾಗಿಲಿಗೆ ಬಂದ ಮಗಳನ್ನು ‘ನೀನೇನು ಮಾಡಿದೆ’ ಎಂದು ಕೇಳಬೇಡಿ. ಮೊದಲು ಒಳಗೆ ಕರೆದುಕೊಳ್ಳಿ. ಕೇಳುವುದಿದ್ದರೆ ಅವನನ್ನು ಕೇಳಿ.