ಮನೆಯಂಗಳ: ಫರಸಿ ಎತ್ತಿದ ಬೇರು ಯಾವ ಮರದ್ದು?

ಅಂಗಳದ ಫರಸಿಕಲ್ಲು ಉಬ್ಬಿತೆಂದರೆ ಹತ್ತಿರದ ಮರದ ಮೇಲೆಯೇ ಎಲ್ಲರ ಕಣ್ಣು. ಮುಂಬಯಿ, ಪುಣೆಗಳ ಸೊಸೈಟಿಗಳಲ್ಲಿ ಈ ಕಾರಣಕ್ಕೆ ನೆರೆಹೊರೆಯವರಲ್ಲಿ ಮನಸ್ತಾಪವೂ ಉಂಟಾಗುತ್ತದೆ. ಆದರೆ ಮರದ ಬೇರು ಅದರ ನೆರಳಿನ ಮೇರೆಯನ್ನು ದಾಟಿಯೂ ಹರಿಯಬಲ್ಲದು. ಆದಕಾರಣ ತೀರ್ಪಿಗೆ ಮೊದಲು ವಿಚಾರಣೆ ನಡೆಯಲಿ.

ಉಬ್ಬಿದ ಕಲ್ಲೊಂದನ್ನು ಮೆಲ್ಲನೆ ಎತ್ತಿಸಿ, ಬೇರು ಯಾವ ಕಡೆಗೆ ದಪ್ಪವಾಗುತ್ತ ಹೋಗಿದೆ ನೋಡಿರಿ. ಮರ ಇರುವುದು ಆ ದಿಕ್ಕಿನಲ್ಲಿ. ಚೂರಿಯ ಮೊನೆಯಿಂದ ಸಿಪ್ಪೆಯನ್ನು ತುಸು ಗೀರಿದಾಗ ಬಿಳಿಯ ಹಾಲು ಒಸರಿದರೆ ಆಲ, ಅರಳಿ, ಅತ್ತಿಗಳ ಬಳಗದ್ದೆಂದು ಊಹಿಸಬಹುದು, ಹಲಸಿಗೂ ಹಾಲುಂಟು. ಕಲ್ಲುಸಂದಿಯಲ್ಲಿ ಬೇರಿನಿಂದಲೇ ಚಿಗುರು ಎದ್ದಿದ್ದರೆ ಅದರ ಎಲೆಯೇ ಹೆಸರು ಹೇಳುತ್ತದೆ. ಆಕಾಶಮಲ್ಲಿಗೆಗೆ ಈ ಅಭ್ಯಾಸ ಹೆಚ್ಚು. ಗುಲ್‌ಮೊಹರದ ಬೇರು ಮೇಲ್ಮಣ್ಣಿನಲ್ಲೇ ಹರಡಿ ದಪ್ಪವಾಗುವುದರಿಂದ ಕಲ್ಲೆತ್ತುವುದರಲ್ಲಿ ಮುಂದು. ತೆಂಗಿನ ಬೇರಾದರೋ ಎಷ್ಟು ವರ್ಷವಾದರೂ ಬೆರಳಿಗಿಂತ ದಪ್ಪವಾಗದು. ಪಾಪ, ಅದನ್ನು ದೂರಬೇಡಿ.

ಗುರುತು ಸಿಕ್ಕಿತೆಂದು ಕೊಡಲಿ ಹಿಡಿಯುವುದೂ ತರವಲ್ಲ. ಬುಡದ ಹತ್ತಿರದ ದಪ್ಪ ಬೇರನ್ನು ಕಡಿದರೆ ಮಳೆಗಾಲದ ಗಾಳಿಗೆ ಮರವೇ ಉರುಳೀತು, ಅದೂ ಮಕ್ಕಳು ಆಡುವ ಅಂಗಳದಲ್ಲಿ! ಮಹಾರಾಷ್ಟ್ರದ ನಗರಗಳಲ್ಲಿ 1975ರ ಕಾಯಿದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧವೂ ಹೌದು. ಬೇರಿನ ಮೇಲೆ ಸಿಮೆಂಟು ಬಳಿಯುವ ಬದಲು, ಬುಡದ ಸುತ್ತ ಮಣ್ಣನ್ನು ಬಯಲು ಬಿಟ್ಟು, ಉಳಿದ ಕಲ್ಲುಗಳನ್ನು ಮರಳಿನ ಮೇಲೆ ತುಸು ಎತ್ತರಿಸಿ ಕೂಡಿಸಿರಿ. ಮತ್ತೆ ಉಬ್ಬಿದರೆ ಎತ್ತಿ ಸರಿಪಡಿಸಲು ಒಂದು ಹೊತ್ತು ಸಾಕು. ಅಂಥ ನೆರಳು ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು.